ಎರಡನೆಯ ಸುತ್ತು

ಆ ದಿನ ಬೆಳಿಗ್ಗೆ ಮರುಭೂಮಿಯ ಮೇಲೆ ಮಂಜು ಇಳಿದಿತ್ತು. ಮಳೆ ಎಂದರೇನೆಂದು ಮರೆತೇಹೋದ ನೆಲ ಅದು. ಆದರೂ ಮಾಗಿಯ ಕೆಲವು ದಿನ ಕಡಲಿನ ಕಡೆಯಿಂದ ಬಿಳಿಯ ಹಬೆ ಎದ್ದು ಬಂದು ಮರಳದಿಬ್ಬಗಳನ್ನೂ ವಿಮಾನಗಳ ಬಾಲಗಳನ್ನೂ ಒಂದೇ ಹೊದಿಕೆಯಲ್ಲಿ ಮುಚ್ಚಿಬಿಡುತ್ತಿತ್ತು. ಆರು ಗಂಟೆಗೆ ಇಳಿದ ಬರ್ಗೆನ್ನಿನ ವಿಮಾನವೇ ಕೊನೆಯದು. ಆಮೇಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಆ ನಿಲ್ದಾಣಕ್ಕೆ ಉದ್ದನೆಯ ಹೆಸರೊಂದಿತ್ತು. ಅಲ್ಲಿ ದುಡಿಯುವ ಹತ್ತಾರು ದೇಶಗಳ ಜನ ಮಾತ್ರ ಅದನ್ನು ತಮ್ಮ ತಮ್ಮ ಭಾಷೆಯಲ್ಲಿ ‘ನಡುದಾರಿ’ ಎಂದು ಕರೆಯುತ್ತಿದ್ದರು. ಅಲ್ಲಿಗೇ ಹೋಗಬೇಕೆಂದು ಯಾರೂ ಮನೆಯಿಂದ ಹೊರಟವರಲ್ಲ. ಒಂದು ವಿಮಾನ ಇಳಿದು ಇನ್ನೊಂದಕ್ಕೆ ಕಾಯುವ ಜಾಗ. ಕಾಯುವುದೇ ಅಲ್ಲಿನ ಬಾಳು.

ಗೋಡೆಯ ಮೇಲಿನ ಫಲಕದಲ್ಲಿ ಹುಬ್ಬಳ್ಳಿಯ ವಿಮಾನ ಹತ್ತರಿಂದ ಸಂಜೆ ಐದಕ್ಕೆ ಹೋಯಿತು. ಸಾಲುಸಾಲು ಬೆಂಚುಗಳಿಂದ ನಿಟ್ಟುಸಿರೆದ್ದಿತು. ನೀಲಗಂಗವ್ವ ಮಾತ್ರ ಎರಡೂ ಕೈ ಎತ್ತಿ ಆ ಮಂಜಿಗೆ ಮುಗಿದರು.

ಪಕ್ಕದಲ್ಲಿದ್ದ ಗಂಡ ಗುರುಪಾದಪ್ಪನವರು ನಕ್ಕರು. “ನಾಕ್ ತಾಸು ಇದ್ದದ್ದು ಹನ್ನೊಂದ ಆತು. ಮಂದಿ ಎಲ್ಲಾ ಬೈಯಾಕತ್ತಾರ, ನೀ ನೋಡಿದ್ರ ಕೈ ಮುಗಿಯಾಕತ್ತಿ.”

“ನಾಕ್ ತಾಸಿನಾಗ ನಮ್ಮ ಕೆಲಸ ಆಗತಿದ್ದಿಲ್ಲಲ್ರಿ. ಏಳ್ರಿ, ಆ ಕುರ್ಚಿ ಆಫೀಸ್ ಎಲ್ಲೈತಿ ನೋಡೂಣು.”

ಇಬ್ಬರೂ ಧಾರವಾಡದ ಹತ್ತಿರದ ಹೆಬ್ಬಳ್ಳಿಯವರು. ನೀಲಗಂಗವ್ವನಿಗೆ ಅರವತ್ತನಾಲ್ಕು ವರ್ಷ. ಅವರ ಕಸೂತಿಯ ಹೆಸರು ಕೇಳಿ ಹಿಮದ ನಾಡಿನ ಊರಾದ ಬರ್ಗೆನ್ನಿನ ಒಂದು ಹೊಲಿಗೆಯ ಶಾಲೆಯವರು ಐದು ವಾರ ಕಲಿಸಲು ಕರೆಸಿಕೊಂಡಿದ್ದರು. ಒಬ್ಬರೇ ಹೋಗಲು ಅಂಜಿ ಗಂಡನನ್ನೂ ಕರೆದುಕೊಂಡು ಹೋಗಿದ್ದರು; ಈಗ ಊರಿಗೆ ಮರಳುತ್ತಿದ್ದರು. ಗುರುಪಾದಪ್ಪನವರು ಊರಿನ ಮಠದ ಭಜನಾ ಮೇಳದಲ್ಲಿ ನಲವತ್ತೊಂದು ವರ್ಷದಿಂದ ತಾಳ ಹಾಕಿದವರು. ಅವರು ತಾಳ ಹಿಡಿದು ಕೂತರೆಂದರೆ ಹಾರ್ಮೋನಿಯಂದವನು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ಎಲ್ಲಿಯೂ ಜಾರುವ ಭಯವಿರಲಿಲ್ಲ.

ಈಗ ಜಾರುತ್ತಿತ್ತು. ಅದಕ್ಕೇ ಅವರು ಕುರ್ಚಿಯ ಆಫೀಸನ್ನು ಹುಡುಕುತ್ತಿದ್ದರು.

ಆ ಕುರ್ಚಿಯ ಸಂಗತಿ ಹೇಳಬೇಕು. ನಡುದಾರಿಯ ಕೆಳ ಅಂತಸ್ತಿನಲ್ಲಿ ಅಂಥ ನಾಲ್ಕು ನೂರು ಕುರ್ಚಿಗಳಿದ್ದವು. ಕೂತವರ ತಲೆಯ ಮೇಲೆ ತೆಳ್ಳನೆಯ ಬಳೆಯಂಥದೊಂದನ್ನು ಇಡುತ್ತಿದ್ದರು. ಮನುಷ್ಯನ ಮಿದುಳು ಹೊತ್ತನ್ನು ಕ್ಷಣಕ್ಷಣವಾಗಿ ಎಣಿಸಿಕೊಳ್ಳುತ್ತದೆಯಷ್ಟೆ. ಆ ಬಳೆ ಒಂದು ಕ್ಷಣವನ್ನು ಬಿಟ್ಟುಕೊಟ್ಟು ಮುಂದಿನ ಕ್ಷಣವನ್ನು ಮೆಲ್ಲಗೆ ಮುಚ್ಚುತ್ತಿತ್ತು. ಮತ್ತೆ ಒಂದನ್ನು ಬಿಟ್ಟು ಒಂದನ್ನು ಮುಚ್ಚುತ್ತಿತ್ತು. ಎಂಟು ತಾಸಿನ ಕಾಯುವಿಕೆ ನಾಲ್ಕಾಗುತ್ತಿತ್ತು. ಆ ನಾಲ್ಕೂ, ಅಜ್ಜಿಯ ತೊಡೆಯ ಮೇಲೆ ಕಥೆ ಕೇಳುತ್ತ ತೂಕಡಿಸಿದ ಹಾಗೆ ಹಗುರವಾಗಿ ಕಳೆದುಹೋಗುತ್ತಿದ್ದವು. ಅಳುವ ಮಕ್ಕಳ ತಾಯಂದಿರು, ಮೊಣಕಾಲು ನೋವಿನ ಮುದುಕರು, ಸಾವಿನ ಮನೆಗೆ ಹೊರಟು ನಡುವೆ ಸಿಕ್ಕಿಬಿದ್ದವರು ಎದ್ದು ಹೋಗುವಾಗ ಆ ಕುರ್ಚಿಯ ತೋಳನ್ನು ಸವರಿ ಹೋಗುತ್ತಿದ್ದರು. ತೆರೆದ ಕ್ಷಣಗಳ, ಮುಚ್ಚಿದ ಕ್ಷಣಗಳ ಜಾಡನ್ನು ಯಂತ್ರ ನಲವತ್ತು ದಿನ ಇಟ್ಟುಕೊಂಡು ಆಮೇಲೆ ಅಳಿಸಿಹಾಕುತ್ತಿತ್ತು.

ಅದನ್ನು ಕಟ್ಟಿದವರಲ್ಲಿ ಮುಖ್ಯಳಾದವಳು ದಾಕ್ಷಾಯಣಿ ಮುಳಗುಂದಮಠ. ಗದಗದ ಕಡೆಯವಳು, ಮೂವತ್ತೆಂಟು ವರ್ಷ. ಬಾಗಿಲ ಮೇಲಿನ ಹೆಸರನ್ನು ಕೂಡಿಸಿ ಕೂಡಿಸಿ ಓದಿದ ನೀಲಗಂಗವ್ವ ಒಳಗೆ ಬಂದವರೇ ಕೇಳಿದರು.

“ಮುಳಗುಂದದ ಮಠದಾಕೀನವ್ವಾ ತಂಗಿ?”

ದಾಕ್ಷಾಯಣಿ ತಲೆಯೆತ್ತಿದಳು. ಅವಳ ಆಫೀಸಿನಲ್ಲಿ ಆ ಮಾತು ಕೇಳಿ ವರ್ಷಗಳೇ ಆಗಿದ್ದವು. ಎದ್ದು ನಿಂತಳು. “ಹೌದ್ರಿ ಅವ್ವಾರ. ಬರ್ರಿ, ಕೂಡ್ರಿ. ಕಾಕಾರ, ನೀವೂ ಕೂಡ್ರಿ.”

“ಕೂಡೂದಕ್ಕ ಅಂಜಿಕಿ ಬರತೈತಿ ತಂಗಿ,” ಎಂದರು ಗುರುಪಾದಪ್ಪ, ಕುರ್ಚಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ. “ಇದು ಬರೇ ಕುರ್ಚಿ ಹೌದಲ್ಲೋ?”

ದಾಕ್ಷಾಯಣಿ ನಕ್ಕಳು. ನೀಲಗಂಗವ್ವ ನಗಲಿಲ್ಲ.

“ನೋಡು ತಂಗಿ, ನಿಮ್ಮ ಕುರ್ಚೀನ ಬೈಯಾಕ ಬಂದಿಲ್ಲ ನಾವು. ಬಾಳ ಚಲೋ ಕುರ್ಚಿ. ನನಗೇನೂ ಆಗಿಲ್ಲ. ಆದ್ರ ಹೋಗೂ ಮುಂದ ಇವರು ಎಂಟ್ ತಾಸು ಕೂತಿದ್ರು. ಅದರಾಗ ಅರ್ಧಾ ನಿಮ್ಮ ಕಡೆ ಉಳದಾವು. ಅವನ್ನ ಹೊಳ್ಳಿ ಕೊಡಬೇಕು.”

ಆಮೇಲೆ ಬರ್ಗೆನ್ನಿನ ಅಡುಗೆಮನೆಯ ಸಂಗತಿ ಹೇಳಿದರು. ಹೊರಗೆ ಹಿಮ, ಒಳಗೆ ನೀಲಗಂಗವ್ವ ರೊಟ್ಟಿ ತಟ್ಟುತ್ತಿದ್ದರು. ರೊಟ್ಟಿಯ ಸಪ್ಪಳಕ್ಕೆ ಗುರುಪಾದಪ್ಪನವರು ಊಟದ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುವುದು ನಲವತ್ತು ವರ್ಷದ ರೂಢಿ. ಅಂದು ರೊಟ್ಟಿಯ ಸಪ್ಪಳ ಬಂತು, ತಾಳ ಬರಲಿಲ್ಲ. ಮತ್ತೆ ಬಂತು, ಮತ್ತೆ ಬರಲಿಲ್ಲ. ತಿರುಗಿ ನೋಡಿದರೆ ಅವರ ಬೆರಳು ಮೇಲೆ ಎತ್ತಿದ್ದು ಅಲ್ಲೇ ನಿಂತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

“ತಾಳ ಹೋದ್ರ ಹೋಗಲಿ ಅಂದೇನಿ ನಾ,” ಎಂದರು ಗುರುಪಾದಪ್ಪ. ಅವರ ದನಿ ಇಳಿದಿತ್ತು. “ಶಿವರಾತ್ರಿಗಿ ಹನ್ನೆರಡ ದಿನ ಐತಿ. ಜಾಗರಣಿಗಿ ಬ್ಯಾರೆ ಯಾರರ ತಾಳ ಹಿಡದಾರು. ಆದ್ರ ತಂಗಿ, ಜಪಕ್ಕ ಕೂತ್ರೂ ಹಿಂಗ ಆಗತೈತಿ. ಒಂದ ಬಡಿತ ಬರತೈತಿ, ಒಂದ ಇಲ್ಲ. ಮಂತ್ರ ಅರ್ಧಾನ ಬಾಯಿಗಿ ಬರತೈತಿ. ಅರ್ಧಾ ಹೇಳಿದ್ರೂ ಕೇಳೂ ದೇವರು ಕೇಳ್ಯಾನು. ಆದ್ರ ಪೂರಾ ಹೇಳಿದ್ದು ನನಗ ಕೇಳಬೇಕಲ್ಲ. ಐದ ವಾರ ಆತು, ಒಂದ ಸಲನೂ ಪೂರಾ ಹೇಳಿಲ್ಲ.”

ಎರಡು ಲಕ್ಷ ಜನ ಕೂತೆದ್ದ ಕುರ್ಚಿಗಳ ಬಗ್ಗೆ ದಾಕ್ಷಾಯಣಿಗೆ ಬಂದ ದೂರುಗಳು ಹನ್ನೊಂದು. ಆ ಹನ್ನೊಂದು ಕಡತಗಳು ಅವಳ ಮೇಜಿನ ಒಳಗೆ ಇದ್ದವು, ರಾತ್ರಿ ಮಲಗಿದಾಗ ಎದೆಯ ಮೇಲೆ ಇದ್ದವು. ಹನ್ನೊಂದೂ ಜನರ ಮಿದುಳು ಗಟ್ಟಿ, ನೆನಪು ಗಟ್ಟಿ, ರಕ್ತ ಶುದ್ಧ. ಅವರಿಗೇ ಏಕೆ ಹೀಗಾಯಿತು ಎಂಬುದು ಮಾತ್ರ ಹೊಳೆದಿರಲಿಲ್ಲ. ಒಬ್ಬರಿಗೆ ಮದ್ದು ಮಾಡಲು ಹೋಗಿ, ಎಂಟು ತಾಸಿನ ಜಾಡನ್ನು ಇಡಿಯಾಗಿ ಮತ್ತೆ ತಲೆಗೆ ಇಳಿಸಿದ್ದಳು. ಅವರಿಗೆ ಮೂರು ದಿನ ತಲೆಶೂಲೆ ಬಂತು, ತೊಂದರೆ ಹೆಚ್ಚಿತು. ಅಂದಿನಿಂದ ಅವಳು ಯಾರ ತಲೆಯನ್ನೂ ಮುಟ್ಟಿರಲಿಲ್ಲ.

“ಕಾಕಾರ, ಅವತ್ತು ಕುರ್ಚಿಯೊಳಗ ಕೂತಾಗ ಏನ್ ಮಾಡಾಕತ್ತಿದ್ರಿ?”

“ಏನ್ ಮಾಡೂದು? ಆ ಹುಡುಗಿ ಸುಮ್ಮನ ಕೂಡ್ರಿ ಅಂದಳು. ಸುಮ್ಮನ ಕೂತೆ.”

“ಸುಮ್ಮನ ಕೂತಿದ್ರು ಖರೆ,” ಎಂದರು ನೀಲಗಂಗವ್ವ. “ಇವರು ಸುಮ್ಮನ ಕೂಡೂದಂದ್ರ ಜಪಾ ಮಾಡೂದು. ಅವರಪ್ಪ ಕಲಿಸಿದ್ದು. ಬಡಿತಕ್ಕ ಒಂದ ಅಕ್ಷರ. ಬ್ಯಾರೆ ಥರಾ ಸುಮ್ಮನ ಕೂಡಾಕ ಇವರಿಗಿ ಬರೂದುಲ್ಲ.”

ದಾಕ್ಷಾಯಣಿ ಎದ್ದು ಮೇಜಿನ ಖಾನೆ ತೆಗೆದಳು. ಕಡತಗಳನ್ನು ಹರಡಿದಳು. ತಸ್ಬಿಯ ಮಣಿ ಎಣಿಸುತ್ತಿದ್ದ ಅಲೆಕ್ಸಾಂಡ್ರಿಯಾದ ದರ್ಜಿ. ಜಪಸರ ಹಿಡಿದ ಇಬ್ಬರು ಕ್ರೈಸ್ತ ಸನ್ಯಾಸಿನಿಯರು. ಉಣ್ಣೆಯ ಟೊಪ್ಪಿಗೆ ಹೆಣೆಯುವ ಮುದುಕಿ, ಕೈಯಲ್ಲಿ ಸೂಜಿ ಇಲ್ಲದಿದ್ದರೂ ಮನಸ್ಸಿನಲ್ಲೇ ಹೆಣಿಗೆ ಎಣಿಸುತ್ತಿದ್ದೆ ಎಂದು ಬರೆಸಿದ್ದವಳು. ಮೃದಂಗದ ವಿದ್ಯಾರ್ಥಿ. ಹನ್ನೊಂದೂ ಜನ ಎಣಿಸುವವರು. ಉಳಿದ ಲಕ್ಷಾಂತರ ಜನರಲ್ಲಿ ಮುಚ್ಚಿದ ಕ್ಷಣದ ಎರಡೂ ಅಂಚು ನೀರಿನ ಹಾಗೆ ಕೂಡಿಕೊಂಡುಬಿಟ್ಟಿದ್ದವು. ಎಣಿಸುವ ಮನಸ್ಸು ಮಾತ್ರ ಕಾವಲಿನವನ ಹಾಗೆ ಎಚ್ಚರ ಇತ್ತು. ಖಾಲಿ ಜಾಗವನ್ನೂ ಎಣಿಸಿಟ್ಟುಕೊಂಡಿತ್ತು. ಆ ಖಾಲಿಯನ್ನೇ ಪಾಠದ ಹಾಗೆ ಕಲಿತಿತ್ತು.

ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಬೆರಗಾಯಿತು. ನಾಲ್ಕು ನೂರು ಕುರ್ಚಿ ಕಟ್ಟುವಾಗ ಕಾಯುವವರೆಲ್ಲ ಖಾಲಿ ಕೂತಿರುತ್ತಾರೆಂದು ನಾವು ಎಣಿಸಿದ್ದೆವಲ್ಲ. ತನ್ನ ತಂದೆಯೇ ಬಸ್ಸಿಗೆ ಕಾಯುವಾಗ ತುಟಿ ಅಲ್ಲಾಡಿಸುತ್ತ ನಿಲ್ಲುತ್ತಿದ್ದುದನ್ನು ಅವಳು ಎಷ್ಟು ಸಲ ನೋಡಿದ್ದಳು.

“ಕಾರಣ ಸಿಕ್ತ್ರಿ ಅವ್ವಾರ,” ಎಂದಳು. “ಆದ್ರ ಹೊಳ್ಳಿ ಕೊಡೂದು ಹೆಂಗೋ ನನಗ ಗೊತ್ತಿಲ್ಲ. ಒಬ್ಬರಿಗಿ ಎಲ್ಲಾ ಹೊಳ್ಳಿ ಹಾಕಿ ನೋಡಿದೆ. ಕೆಟ್ಟಿತು.”

“ಎಲ್ಲಾ ಯಾಕ ಹಾಕಿದಿ?” ನೀಲಗಂಗವ್ವ ತಮ್ಮ ಚೀಲದಿಂದ ಕಪ್ಪು ಚಂದ್ರಕಾಳಿ ಸೀರೆಯ ತುಂಡೊಂದನ್ನು ತೆಗೆದು ತೊಡೆಯ ಮೇಲೆ ಹಾಸಿದರು. ಅದರಲ್ಲಿ ಕೆಂಪು ದಾರದ ಆನೆಯೊಂದು ಅರ್ಧ ಆಗಿತ್ತು. “ಇದು ನೋಡು. ಗವಂತಿ ಅಂತಾರ ಇದಕ್ಕ. ಆನಿ ಮೈ ಸುತ್ತ ಒಂದ ಸುತ್ತು ಬರೂ ಮುಂದ ಒಂದ ಹೊಲಿಗಿ ಮ್ಯಾಲ, ಒಂದ ಕೆಳಗ. ಮ್ಯಾಲಿನಿಂದ ನೋಡಿದ್ರ ಒಂದ ಬಿಟ್ಟ ಒಂದ ಖಾಲಿ. ನೋಡಿದವರು ಏನವ್ವಾ ತುಂಡ ತುಂಡ ಆಗೇತಿ ಅಂತಾರ. ಆದ್ರ ಕೆಲಸ ಇನ್ನಾ ಅರ್ಧಾ ಐತಿ. ಸುರುವಾದಲ್ಲಿಗೇ ಬಂದು, ಅದ ದಾರಿ ಹಿಡದು ಎರಡನೇ ಸುತ್ತು ಹೋಗಬೇಕು. ಅವಾಗ ಎಲ್ಲಿ ಕೆಳಗಿತ್ತು ಅಲ್ಲಿ ಮ್ಯಾಲ, ಎಲ್ಲಿ ಮ್ಯಾಲಿತ್ತು ಅಲ್ಲಿ ಕೆಳಗ. ಇದ್ದದ್ದರ ಮ್ಯಾಲ ಮತ್ತ ಹೊಲದ್ರ ಗಡ್ಡಿ ಬೀಳತೈತಿ ತಂಗಿ. ನೀ ಮಾಡಿದ್ದು ಅದ.”

ದಾಕ್ಷಾಯಣಿ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಮುಗಿದಿದ್ದ ಸೊಂಡಿಲನ್ನು ನೋಡಿದಳು, ತಿರುಗಿಸಿ ನೋಡಿದಳು. ಎರಡೂ ಬದಿ ಒಂದೇ. ಎಲ್ಲಿಯೂ ಗಂಟಿಲ್ಲ. ಹತ್ತು ವರ್ಷ ಓದಿದ ವಿದ್ಯೆ, ಆ ಅಂಗೈಯಗಲದ ಬಟ್ಟೆಯ ಮುಂದೆ ಮೆಲ್ಲಗೆ ಕೂತುಕೊಂಡಿತು.

“ಎಂಟ್ ತಾಸ ಬೇಕು,” ಎಂದಳು ಕೊನೆಗೆ. “ಈ ಸಲ ಮುಚ್ಚಿದ ಕಡೆ ಅವತ್ತು ತೆರದ ಕ್ಷಣ ಬಂದು ಕೂಡತಾವು, ಹೊತ್ತು ಹಗುರಾಗೂದುಲ್ಲ. ಎಂಟ್ ತಾಸು ಎಂಟ್ ತಾಸಾಗೇ ಕೂಡಬೇಕು.”

“ದೇವರು ಮಂಜು ಕೊಟ್ಟಾನ,” ಎಂದರು ನೀಲಗಂಗವ್ವ.

ನಿಗಾ ಕೋಣೆಯಲ್ಲಿ ಯೂಸುಫ್ ಇದ್ದ. ಕೈರೋದವನು, ಮಾತಿನಲ್ಲಿ ಒರಟ, ಕೆಲಸದಲ್ಲಿ ಮೃದು. ದಾಕ್ಷಾಯಣಿ ಹೇಳಿದ್ದನ್ನೆಲ್ಲ ಕೇಳಿ, ಪರದೆಯ ಮೇಲೆ ಹೆಬ್ಬಳ್ಳಿಯ ಮುದುಕನ ಜಾಡನ್ನು ತೆರೆದ. ಅಂದು ಮುಚ್ಚಿದ ಕ್ಷಣಗಳು ಹದಿನಾಲ್ಕು ಸಾವಿರದ ನಾಲ್ಕು ನೂರು. ಅಳಿಸಿಹೋಗಲು ಇನ್ನೊಂದೇ ದಿನ ಉಳಿದಿತ್ತು.

“ಒಂದೇ ಒಂದು ಹೆಜ್ಜೆ ತಪ್ಪಿದರೂ, ಬದುಕಿದ ಕ್ಷಣದ ಮೇಲೆಯೇ ಬದುಕಿದ ಕ್ಷಣ ಬೀಳುತ್ತದೆ. ಖಾಲಿಯಾದದ್ದು ಖಾಲಿಯೇ ಉಳಿಯುತ್ತದೆ,” ಎಂದ ಅವನು. “ಎರಡನೆಯ ಸಲ ಮಾಡಲಾಗದು. ಮೇಲಿನವರ ಅನುಮತಿಯೂ ಇಲ್ಲ.”

“ಗೊತ್ತು.”

“ಅವರಿಗೆ ಹೇಳಿದ್ದೀಯಾ?”

ಹೇಳಿದ್ದಳು. ಗುರುಪಾದಪ್ಪನವರು ಕೇಳಿಕೊಂಡು, “ಕೂಡದಿದ್ರೂ ಖಾಲೀನ ಐತಲ್ಲ ತಂಗಿ,” ಎಂದಷ್ಟೇ ಹೇಳಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡು, ಅಂದು ಕೂತಿದ್ದ ಅದೇ ಕುರ್ಚಿಯನ್ನು ಹುಡುಕಿ ಕೂತಿದ್ದರು.

ದಾಕ್ಷಾಯಣಿ ದಿನಚರಿಯ ಪುಸ್ತಕದಲ್ಲಿ ತನ್ನ ಹೆಸರೊಂದನ್ನೇ ಬರೆದು ಸಹಿ ಹಾಕಿದಳು. ಎಂಟೂವರೆಗೆ ಬಳೆ ಇಳಿಯಿತು.

ಮೊದಲಿನ ಕ್ಷಣವೇ ಕಷ್ಟದ್ದು. ಅಂದು ತೆರೆದಿದ್ದ ಕಡೆ ಇಂದು ಮುಚ್ಚಬೇಕು, ಮುಚ್ಚಿದ್ದ ಕಡೆ ತೆರೆಯಬೇಕು. ಗುರುಪಾದಪ್ಪನವರು ಜಪ ಆರಂಭಿಸಿದರು. ಪರದೆಯ ಮೇಲೆ ಹಳೆಯ ಜಾಡು ನೀಲಿ, ಹೊಸದು ಕೆಂಪು. ನೀಲಿಯ ಎರಡು ಚುಕ್ಕೆಗಳ ನಡುವಿನ ಕತ್ತಲೆಯಲ್ಲಿ ಒಂದು ಕೆಂಪು ಚುಕ್ಕೆ ಹುಟ್ಟಿತು. ಇನ್ನೊಂದು ಖಾಲಿಯಲ್ಲಿ ಇನ್ನೊಂದು. ಯೂಸುಫ್ ಹಿಡಿದಿದ್ದ ಉಸಿರು ಬಿಟ್ಟ. ಆನೆಯ ಬೆನ್ನಿನ ಹಾಗೆ ಗೆರೆ ಬೆಳೆಯತೊಡಗಿತು.

ಹೊರಗೆ ಕಾಯುವ ಅಂಗಳದಲ್ಲಿ ನೀಲಗಂಗವ್ವ ಗಾಜಿನ ಪಕ್ಕ ಕೂತು ಸೂಜಿ ಆಡಿಸುತ್ತಿದ್ದರು. ಎರಡು ಸಲ ದಾಕ್ಷಾಯಣಿ ಬಂದು ಹೇಗಾಗುತ್ತಿದೆಯೆಂದು ಹೇಳಿಹೋದಳು. ಮೂರನೆಯ ಸಲ ಬಂದಾಗ ಅವರು ಅವಳ ಕೈಗೆ ಒಣಗಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು.

“ಉಣ್ಣು. ಮಾರಿ ಬಾಡೇತಿ.”

“ನಿಮಗ ಅಂಜಿಕಿ ಇಲ್ಲೇನ್ರಿ ಅವ್ವಾರ?”

“ಐತಿ. ಅದಕ ಆನಿ ಬೆನ್ನ ಎರಡ ಸಲ ಬಿಚ್ಚಿದೆ.” ಅವರು ಹಲ್ಲಿನಿಂದ ದಾರ ಕತ್ತರಿಸಿದರು. “ಲಗ್ನ ಆದ ಹೊಸದಾಗ ಇವರ ಜಪಾ ಕೇಳಿ ಸಿಟ್ಟ ಬರತಿತ್ತು ನನಗ. ಏನ್ ಮನಷ್ಯಾ ಇವಾ, ಹೆಂಡತಿ ಕೂಡ ಮಾತಾಡೂದ ಬಿಟ್ಟು ಗುಣಗುಣ ಅಂತಾನ ಅಂತ. ಆಮ್ಯಾಲ ಅದ ಸಪ್ಪಳಕ್ಕ ನಿದ್ದಿ ಬರಾಕ ಹತ್ತಿತು. ಈಗ ಐದ ವಾರ ಆತು, ನಟ್ಟ ನಡುವ ನಿಂತುಬಿಡತೈತಿ. ನನಗೂ ನಿದ್ದಿ ಇಲ್ಲ ತಂಗಿ. ಅವರಿಗಿ ಹೇಳಬ್ಯಾಡ, ಉಬ್ಬತಾರ.”

ದಾಕ್ಷಾಯಣಿ ರೊಟ್ಟಿ ಮುರಿದು ತಿಂದಳು. ಸುತ್ತ ನೂರಾರು ಜನ ಕಾಯುತ್ತಿದ್ದರು. ಇಷ್ಟು ದಿನ ಆ ಮುಖಗಳಲ್ಲಿ ಅವಳು ಬೇಸರವನ್ನು ಮಾತ್ರ ಕಂಡಿದ್ದಳು. ಅದನ್ನು ಕಡಿಮೆ ಮಾಡುವುದೇ ತನ್ನ ಸೇವೆ ಎಂದುಕೊಂಡಿದ್ದಳು. ಈಗ ಒಬ್ಬೊಬ್ಬರನ್ನೇ ನೋಡಿದಳು. ಮೂಲೆಯಲ್ಲಿ ಒಬ್ಬ ತನ್ನ ಚಪ್ಪಲಿಯ ಹರಿದ ಬಾರನ್ನು ತಾಳ್ಮೆಯಿಂದ ಹೊಲಿಯುತ್ತಿದ್ದ. ಒಬ್ಬ ತಾಯಿ ಮಗುವಿನ ಬೆನ್ನು ತಟ್ಟುತ್ತಿದ್ದಳು. ಮಗು ಎಂದೋ ಮಲಗಿತ್ತು, ಕೈ ನಿಂತಿರಲಿಲ್ಲ. ಒಬ್ಬ ಮುದುಕ ಗಾಜಿನ ಹೊರಗೆ ಕರಗುತ್ತಿದ್ದ ಮಂಜನ್ನು, ಮನೆಯವರನ್ನು ಬೀಳ್ಕೊಡುವ ಹಾಗೆ ನೋಡುತ್ತಿದ್ದ. ಇವರೆಲ್ಲರ ಒಳಗೆ ಏನೇನು ನಡೆದಿದೆಯೋ, ಯಾರು ಬಲ್ಲರು. ಖಾಲಿ ಕೂತವರು ಅಲ್ಲಿ ಒಬ್ಬರೂ ಇಲ್ಲದಿರಬಹುದು ಎನ್ನಿಸಿತು ಅವಳಿಗೆ. ತನಗರಿವಿಲ್ಲದೆ ಕೈ ಎದೆಯ ಮೇಲೆ ಹೋಯಿತು.

ಮಧ್ಯಾಹ್ನಕ್ಕೆ ಬಿಸಿಲು ಬಿತ್ತು. ಮಂಜು ಎಣಿಸಿದ್ದಕ್ಕಿಂತ ಬೇಗ ಕರಗಿತು. ಮೂರು ಗಂಟೆಗೆ ಫಲಕ ಮತ್ತೆ ಬದಲಾಯಿತು: ಹುಬ್ಬಳ್ಳಿಯ ವಿಮಾನ ನಾಲ್ಕು ಮೂವತ್ತೈದಕ್ಕೆ, ಹತ್ತುವ ಬಾಗಿಲು ನಾಲ್ಕೂಕಾಲಿಗೆ ಮುಚ್ಚುತ್ತದೆ.

ಯೂಸುಫ್ ಗಡಿಯಾರ ನೋಡಿದ. “ಹದಿನೈದು ನಿಮಿಷ ಕಡಿಮೆ ಬೀಳುತ್ತದೆ. ಬಳೆ ತೆಗೆಯೋಣವೇ? ಮುಕ್ಕಾಲು ಪಾಲಿಗಿಂತ ಹೆಚ್ಚೇ ಆಗಿರುತ್ತದೆ.”

ದಾಕ್ಷಾಯಣಿ ಓಡಿದಳು. ನೀಲಗಂಗವ್ವ ಅವಳ ಮಾತನ್ನು ಪೂರ್ತಿ ಕೇಳಿದರು. ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು.

“ಈಗ ಬಿಟ್ರ ಏನಾಗತೈತಿ?”

“ಸುತ್ತು ಕೂಡೂದುಲ್ರಿ. ಆಗಿದ್ದೂ ಬಿಚ್ಚಿಕೊಳ್ಳಬಹುದು.”

“ಹಂಗಾರ ವಿಮಾನ ಹೋಗಲಿ. ನಾಳೆ ಒಂದ ಬರತೈತಿ, ನಾಡದು ಒಂದ ಬರತೈತಿ. ಇಲ್ಲೆ ಹಾಸಿಗಿ ಹಾಸಿದ್ರ ಬ್ಯಾಡ ಅನ್ನವರು ಯಾರು?” ಮತ್ತೆ ಸೂಜಿ ತೆಗೆದುಕೊಂಡರು. “ನೀ ಒಳಗ ಹೋಗು. ಅವರು ಒಬ್ಬರ ಅದಾರ.”

ನಾಲ್ಕೂಕಾಲಾಯಿತು. ಹುಬ್ಬಳ್ಳಿಯ ಬಾಗಿಲು ಮುಚ್ಚಿತು. ಗುರುಪಾದಪ್ಪ ದಂಪತಿಗಳ ಹೆಸರನ್ನು ಧ್ವನಿವರ್ಧಕ ಮೂರು ಸಲ ಕೂಗಿ ಸುಮ್ಮನಾಗಿತ್ತು. ಗಾಜಿನ ಆಚೆ ಅವರ ವಿಮಾನ ಬಿಸಿಲಿನಲ್ಲಿ ಹೊಳೆಯುತ್ತ ತಿರುಗಿಕೊಂಡಿತು. ನೀಲಗಂಗವ್ವ ಒಂದು ಸಲ ತಲೆಯೆತ್ತಿ ನೋಡಿ, ಮತ್ತೆ ಆನೆಯ ಕಾಲಿಗೆ ಬಂದರು.

ಕುರ್ಚಿಯ ಕೋಣೆಯಲ್ಲಿ ಗುರುಪಾದಪ್ಪನವರ ಬಲಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಹೆಬ್ಬೆರಳು ಕಿರುಬೆರಳಿನ ಗೆಣ್ಣುಗಳ ಮೇಲೆ ಹತ್ತಿ ಇಳಿಯುತ್ತಿತ್ತು. ಎಂಟು ತಾಸು ಎಂಟು ತಾಸಾಗಿಯೇ ಅವರ ಮೇಲೆ ಹಾದುಹೋಗಿತ್ತು; ಬೆನ್ನು ಬಾಗಿತ್ತು, ತುಟಿ ಒಣಗಿತ್ತು. ಮುಖ ಮಾತ್ರ, ದೂರದಿಂದ ನಡೆದು ಬಂದು ಊರ ಅಗಸೆ ಕಂಡವರ ಮುಖದ ಹಾಗಿತ್ತು. ದಾಕ್ಷಾಯಣಿ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಮುಖವನ್ನೇ ನೋಡುತ್ತಿದ್ದಳು. ಯಾರ ಮುಂದೆಯೂ ಗೋಗರೆಯದೆ, ಯಾರ ಮೇಲೂ ಸಿಟ್ಟಾಗದೆ, ಕಳೆದದ್ದನ್ನು ಹುಡುಕಿಕೊಂಡು ಅದೇ ದಾರಿಯಲ್ಲಿ ಎರಡನೆಯ ಸಲ ನಡೆಯುವ ಆ ಧೀರತನಕ್ಕೆ ಯಾವ ಅಳತೆಪಟ್ಟಿಯೂ ಅವಳ ಬಳಿ ಇರಲಿಲ್ಲ.

ನಾಲ್ಕೂವರೆಗೆ ಕಿವಿಯಲ್ಲಿ ಯೂಸುಫ್‌ನ ದನಿ ಬಂತು.

“ಮುಗಿಯಿತು. ಹದಿನಾಲ್ಕು ಸಾವಿರದ ಮುನ್ನೂರ ತೊಂಬತ್ತೊಂಬತ್ತು.”

“ಇನ್ನೊಂದು?”

“ಜಾಡಿನಲ್ಲಿ ಇಲ್ಲ. ಅಂದು ಕೊನೆಯ ಕ್ಷಣವನ್ನು ಮುಚ್ಚಿದ ಹೊತ್ತಿಗೇ ನಮ್ಮವರು ಬಳೆ ಎತ್ತಿಬಿಟ್ಟಿದ್ದಾರೆ. ಮುಚ್ಚಿದ್ದು ಲೆಕ್ಕಕ್ಕೆ ಸಿಕ್ಕಿದೆ, ಗುರುತು ಸಿಕ್ಕಿಲ್ಲ. ಯಂತ್ರದ ಬಳಿ ಅದು ಇಲ್ಲವೇ ಇಲ್ಲ. ಒಂದೇ ಅಲ್ಲವೇ, ದಾಕ್ಷಾ.”

ಅವಳು ಮುದುಕರ ಕೈ ನೋಡಿದಳು. ಹೆಬ್ಬೆರಳು ಕೊನೆಯ ಗೆಣ್ಣಿನವರೆಗೆ ಬಂದಿತ್ತು. ಅಲ್ಲಿಂದ ಎದ್ದು, ಗಾಳಿಯಲ್ಲಿ ನಿಂತಿತ್ತು. ಇಳಿಯುತ್ತಿರಲಿಲ್ಲ. ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣು ಏನನ್ನೋ ಅರಸುತ್ತಿತ್ತು. ಹುಬ್ಬು ನಿಧಾನವಾಗಿ ಕೂಡಿಕೊಳ್ಳುತ್ತ ಬಂದಿತು.

ದಾಕ್ಷಾಯಣಿ ಬಳೆಯನ್ನು ಎರಡೂ ಕೈಯಿಂದ ಎತ್ತಿ ಬದಿಗಿಟ್ಟಳು. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತಳು. ಅವರ ಉಸಿರು ಒಳಗೆ ಹೋಗುವವರೆಗೆ ಕಾದಳು. ಆಮೇಲೆ, ತುಟಿ ಅಲ್ಲಾಡಿಸಿ, ದನಿ ಮಾಡದೆ, ತನ್ನ ತಂದೆಯೂ ಹೇಳುತ್ತಿದ್ದ ಆ ಮಂತ್ರದ ಕೊನೆಯ ಅಕ್ಷರವನ್ನು ಹೇಳಿಕೊಂಡು, ತನ್ನ ತೋರುಬೆರಳಿನ ತುದಿಯನ್ನು ಅವರ ಅಂಗೈಯ ನಡುವೆ ಒಂದು ಸಲ ಮುಟ್ಟಿಸಿದಳು.

ಹೆಬ್ಬೆರಳು ಇಳಿದು, ಅಂಗೈ ಮೆಲ್ಲಗೆ ಮುಚ್ಚಿಕೊಂಡಿತು.